ನ್ಯುಮೋನಿಯಾ ಆದ ಮಗನ ಎದೆಯಲ್ಲಿ ನೀರು: ಪೈಪ್‌ನಲ್ಲೇ ಔಷಧಿ ಹಾಕಿಸುವುದಾ, ಆಪರೇಷನ್ ಮಾಡಿಸುವುದಾ?

ಸುರತ್ಕಲ್ ಅಮ್ಮ
ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗನಿಗೆ 5 ವರ್ಷ, 17 ಕೆ.ಜಿ. ಜ್ವರ ಶುರುವಾಗಿ ಇವತ್ತಿಗೆ 11 ದಿನ. ಜೋರು ಮಳೆ, ಡಿಸಿ ರಜೆ, ಮನೆಯಲ್ಲೇ ಇದ್ದ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು. ಮೂರು ದಿನ ಕುಡಿಸಿದರೂ ಜ್ವರ 103. ಸಿರಪ್ ಬದಲಾಯಿಸಿದರು. ಮತ್ತೆ ಮೂರು ದಿನ ಅದೇ ಕಥೆ. ಎಕ್ಸ್‌ರೇ ಬೇಡವಾ ಅಂತ ಕೇಳಿದೆ. "ಈಗ ಎಲ್ಲ ಮಕ್ಕಳಿಗೂ ಇದೇ ಉಂಟು, ವೈರಲ್" ಅಂದರು. ಅಷ್ಟರಲ್ಲಿ ಅವನು ಬಲಗಡೆಗೇ ಮಗ್ಗುಲಾಗಿ ಮಲಗತೊಡಗಿದ. ಹೊಟ್ಟೆನೋವು ಅಂತ ಅಳುತ್ತಿದ್ದ. ನಾನು ಗ್ಯಾಸ್ ಅಂದುಕೊಂಡು ಓಮದ ನೀರು ಕೊಟ್ಟೆ.

ದೊಡ್ಡ ಆಸ್ಪತ್ರೆಗೆ ಬಂದು ಎಕ್ಸ್‌ರೇ ತೆಗೆದರೆ ಬಲಗಡೆ ಪೂರ್ತಿ ಬಿಳಿ. ಶ್ವಾಸಕೋಶದ ಹೊರಗಡೆ ನೀರು ತುಂಬಿದೆಯಂತೆ. ಸ್ಕ್ಯಾನ್‌ನಲ್ಲಿ ಆ ನೀರಿನೊಳಗೆ ಬಲೆ ಬಲೆ ಕಾಣುತ್ತದೆ ಅಂದರು. ನಿನ್ನೆ ಪಕ್ಕೆಗೆ ಪೈಪ್ ಹಾಕಿದರು. 250 ಎಂಎಲ್ ಬಂದು ನಿಂತುಬಿಟ್ಟಿದೆ. ಜ್ವರ ಇನ್ನೂ ಉಂಟು.

ಈಗ ಎರಡು ದಾರಿ ಹೇಳಿದ್ದಾರೆ. ಪೈಪ್‌ನಲ್ಲೇ ಒಂದು ಔಷಧಿ ಬಿಟ್ಟು ಬಲೆ ಕರಗಿಸುವುದು. ಇಲ್ಲವೇ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಕ್ಲೀನ್ ಮಾಡುವುದು. ಸಂಜೆ ತಿಳಿಸಿ ಅಂದಿದ್ದಾರೆ. ಮಗನ ಅಪ್ಪ ಗಲ್ಫ್‌ನಲ್ಲಿದ್ದಾರೆ, ಫೋನಿನಲ್ಲಿ ಅವರೂ ಅಳುತ್ತಾರೆ. ಯಾರಾದರೂ ಇದನ್ನು ದಾಟಿ ಬಂದವರು ಇದ್ದೀರಾ?

ಪುತ್ತೂರು ಅಡಿಕೆ
ಅಕ್ಕ, ಧೈರ್ಯ ತೆಗೆದುಕೊಳ್ಳಿ. ನಮ್ಮ ಮಗಳಿಗೂ ಆಗಿತ್ತು, ಆಗ 3 ವರ್ಷ. ಈಗ ಎಂಟನೇ ಕ್ಲಾಸ್, ಕಬಡ್ಡಿ ಆಡುತ್ತಾಳೆ. ಪೈಪ್ ನೋಡಿ ನಾನು ವಾರ್ಡ್‌ನಲ್ಲೇ ತಲೆ ತಿರುಗಿ ಬಿದ್ದಿದ್ದೆ. ನರ್ಸ್ ಅವಳನ್ನು ಬಿಟ್ಟು ನನಗೆ ಗ್ಲೂಕೋಸ್ ನೀರು ಕುಡಿಸಿದರು.

ಬೆಂಗಳೂರು ಬಸ್ಸು
ಒಂದು ನಿಮಿಷವೂ ಯೋಚಿಸಬೇಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ. ಇಲ್ಲಿ ಸುಮ್ನೆ ಬಿಲ್ ಏರಿಸುತ್ತಾರೆ. ಆಪರೇಷನ್ ಅಂದರೆ ಅವರಿಗೆ ಬಿಸಿನೆಸ್.

ಮಕ್ಕಳ ಡಾಕ್ಟ್ರು, ಉಡುಪಿ
ಬೆಂಗಳೂರು ಬಸ್ಸು ಅವರೇ, ಜುಲೈ ಮಳೆಯಲ್ಲಿ, ಎದೆಯಲ್ಲಿ ಪೈಪ್ ಇರುವ ಮಗುವನ್ನು ಶಿರಾಡಿ ಘಾಟಿ ಹತ್ತಿಸುವುದಾ? ಗುಡ್ಡ ಜಾರಿ ರಸ್ತೆ ನಿಂತರೆ ಏನು ಮಾಡುತ್ತೀರಿ? ಮಂಗಳೂರು, ದೇರಳಕಟ್ಟೆ, ಮಣಿಪಾಲ ಸೇರಿದರೆ ಎಷ್ಟು ಮೆಡಿಕಲ್ ಕಾಲೇಜು ಉಂಟು ಅಂತ ಲೆಕ್ಕ ಹಾಕಿ. ಈ ಎರಡೂ ಚಿಕಿತ್ಸೆ ಇಲ್ಲೇ ಸಿಗುತ್ತದೆ.

ಅಮ್ಮ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಗುವನ್ನು ನಾನು ನೋಡಿಲ್ಲ, ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಒಳಗೆ ಏನಾಗಿದೆ ಅಂತ ಹೇಳಬಲ್ಲೆ.

ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವೆ ತೆಳುವಾದ ಎರಡು ಪೊರೆ ಉಂಟು. ನ್ಯುಮೋನಿಯಾದ ಉರಿ ಅಲ್ಲಿಗೆ ಮುಟ್ಟಿದಾಗ ನೀರು ಒಸರುತ್ತದೆ. ಗಂಜಿ ತೆಳಿ ನೆನಪಿಸಿಕೊಳ್ಳಿ. ಬಿಸಿ ಇರುವಾಗ ನೀರಿನ ಹಾಗೇ ಇರುತ್ತದೆ. ಹಾಗೇ ಬಿಟ್ಟರೆ ಕೆನೆ ಕಟ್ಟುತ್ತದೆ. ಇನ್ನೂ ಬಿಟ್ಟರೆ ಗಟ್ಟಿಯಾಗಿ ಪಾತ್ರೆಗೆ ಅಂಟುತ್ತದೆ. ಇಲ್ಲೂ ಅದೇ ಮೂರು ಹಂತ. ಮೊದಲು ತೆಳು ನೀರು. ಆಮೇಲೆ ಕೀವು ಸೇರಿ ಫೈಬ್ರಿನ್ ಅನ್ನುವ ನಾರಿನಿಂದ ಬಲೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಶ್ವಾಸಕೋಶದ ಮೇಲೆ ದಪ್ಪ ಸಿಪ್ಪೆ. ಕೀವಾದದ್ದನ್ನು ನಾವು ಎಂಪೈಮಾ ಅನ್ನುತ್ತೇವೆ. ನಿಮ್ಮ ಮಗ ಎರಡನೇ ಹಂತದಲ್ಲಿದ್ದಾನೆ ಅನಿಸುತ್ತದೆ. ಪೈಪ್ ಒಂದು ಕೋಣೆಯ ನೀರನ್ನು ಎಳೆದಿದೆ. ಪಕ್ಕದ ಕೋಣೆಗೆ ಬಾಗಿಲು ಇಲ್ಲ. ಅದಕ್ಕೇ ನಿಂತದ್ದು.

ಆ ಬಾಗಿಲು ತೆರೆಯುವುದೇ ಔಷಧಿಯ ಕೆಲಸ. ಸಾಮಾನ್ಯವಾಗಿ ಯುರೋಕೈನೇಸ್. 10 ಕೆ.ಜಿ.ಗಿಂತ ಜಾಸ್ತಿ ತೂಕದ ಮಗುವಿಗೆ 40,000 ಯೂನಿಟ್ ಅನ್ನು 40 ಎಂಎಲ್ ಸಲೈನ್‌ನಲ್ಲಿ ಬೆರೆಸಿ ಪೈಪ್ ಮೂಲಕ ಬಿಡುತ್ತಾರೆ. ನಾಲ್ಕು ಗಂಟೆ ಪೈಪ್ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. ದಿನಕ್ಕೆ ಎರಡು ಸಲ, ಮೂರು ದಿನ. ಕೆಲವು ಕಡೆ ಸ್ಟ್ರೆಪ್ಟೋಕೈನೇಸ್ ಅಥವಾ ಆಲ್ಟೆಪ್ಲೇಸ್ ಬಳಸುತ್ತಾರೆ, ಅದರ ಲೆಕ್ಕ ಬೇರೆ.

ಯಾವುದು ಒಳ್ಳೆಯದು ಅನ್ನುವುದನ್ನು ಮಕ್ಕಳ ಮೇಲೆಯೇ ಹೋಲಿಸಿ ನೋಡಿದ್ದಾರೆ. 2002ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದದ್ದು ಒಂದು. ಪೈಪ್‌ನಲ್ಲಿ ಬರೀ ಸಲೈನ್ ಬಿಟ್ಟ ಮಕ್ಕಳು ಸರಾಸರಿ 9.5 ದಿನ ಆಸ್ಪತ್ರೆಯಲ್ಲಿದ್ದರು, ಯುರೋಕೈನೇಸ್ ಬಿಟ್ಟವರು 7.4 ದಿನ. 2006ರಲ್ಲಿ ಲಂಡನ್‌ನಲ್ಲಿ 60 ಮಕ್ಕಳನ್ನು ಎರಡು ಗುಂಪು ಮಾಡಿ ಅರ್ಧ ಜನಕ್ಕೆ ಯುರೋಕೈನೇಸ್, ಇನ್ನರ್ಧಕ್ಕೆ ನೇರ ಕ್ಯಾಮೆರಾ ಆಪರೇಷನ್. ಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಿ ಉಳಿದ ದಿನ ಎರಡೂ ಕಡೆ 6ರ ಆಸುಪಾಸು. ಆರು ತಿಂಗಳ ನಂತರದ ಎಕ್ಸ್‌ರೇಯಲ್ಲೂ ವ್ಯತ್ಯಾಸ ಇರಲಿಲ್ಲ. ಖರ್ಚು ಮಾತ್ರ ಔಷಧಿಗೆ ಕಡಿಮೆ. ಹಾಗಂತ ಔಷಧಿ ಎಲ್ಲರಿಗೂ ಸಾಕಾಗುವುದಿಲ್ಲ. ಸುಮಾರು ಆರು ಮಕ್ಕಳಲ್ಲಿ ಒಬ್ಬರಿಗೆ ಆಮೇಲೆ ಆಪರೇಷನ್ ಬೇಕಾಗುತ್ತದೆ.

ನನ್ನ ಮಗುವಾಗಿದ್ದರೆ ಮೊದಲು ಔಷಧಿ ಬಿಡಿಸುತ್ತಿದ್ದೆ. ಮೂರು ದಿನದಲ್ಲಿ ಬಗ್ಗದಿದ್ದರೆ ಸರ್ಜನ್. ಆದರೆ ಆಪರೇಷನ್ ಹೇಳಿದವರೆಲ್ಲ ದುಡ್ಡಿಗೆ ಹೇಳುತ್ತಾರೆ ಅನ್ನುವುದೂ ತಪ್ಪು. ಅದೂ ಅಷ್ಟೇ ಸರಿಯಾದ ದಾರಿ. ಸಿಪ್ಪೆ ಕಟ್ಟಿ ಹೋಗಿದ್ದರೆ ಅದೇ ಬೇಕು.

ಕಟೀಲಿನ ಅಜ್ಜಿ
ಮಗಾ, ಮಳೆಯಲ್ಲಿ ನೆನೆದದ್ದಕ್ಕೆ ನೀರು ತುಂಬಿದ್ದಾ? ನಮ್ಮ ಕಾಲದಲ್ಲಿ ದೊಡ್ಡಪತ್ರೆ ಎಲೆ ಬಾಡಿಸಿ ರಸ ತೆಗೆದು ಜೇನಿನಲ್ಲಿ ಕೊಡುತ್ತಿದ್ದೆವು. ಕಫ ಎಲ್ಲ ಇಳಿಯುತ್ತಿತ್ತು. ಮಗುವಿಗೆ ನೀರು ಜಾಸ್ತಿ ಕುಡಿಸಬೇಡಿ.

ರಾತ್ರಿಪಾಳಿ
ಅಜ್ಜಿ, ನಾನು ಮಕ್ಕಳ ವಾರ್ಡ್‌ನ ನರ್ಸ್. ಶೀತಕ್ಕೆ ದೊಡ್ಡಪತ್ರೆ ನಮ್ಮ ಮನೆಯಲ್ಲೂ ಕೊಡುತ್ತೇವೆ. ಇದು ಶೀತ ಅಲ್ಲ. ಮಳೆ ನೀರೂ ಅಲ್ಲ, ಕುಡಿದ ನೀರೂ ಅಲ್ಲ. ಇಲ್ಲಿರುವುದು ಕೀವು, ಅದು ಕಷಾಯಕ್ಕೆ ಇಳಿಯುವುದಿಲ್ಲ. ನೀರು ಕುಡಿಸದೆ ಇಡಬೇಡಿ ದಯವಿಟ್ಟು. ಜ್ವರದ ಮಗು ಒಣಗಿ ಹೋಗುತ್ತದೆ.

ಸುರತ್ಕಲ್ ಅಕ್ಕ, ಬಾಟಲಿ ಬಗ್ಗೆ ಎರಡು ಮಾತು. ರೌಂಡ್ಸ್‌ನಲ್ಲಿ ಎಲ್ಲರೂ ಗಡಿಬಿಡಿಯಲ್ಲಿರುತ್ತಾರೆ, ಇದನ್ನು ಬಿಡಿಸಿ ಹೇಳುವವರು ಕಡಿಮೆ. ಪೈಪ್‌ನ ಇನ್ನೊಂದು ತುದಿ ಬಾಟಲಿಯ ನೀರಿನೊಳಗೆ ಮುಳುಗಿರುತ್ತದೆ. ಅದರಿಂದ ಎದೆಯ ನೀರು, ಗಾಳಿ ಹೊರಗೆ ಬರುತ್ತದೆ. ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಹಾಗಾಗಿ ಬಾಟಲಿ ಯಾವಾಗಲೂ ಮಗುವಿನ ಎದೆಗಿಂತ ಕೆಳಗೇ ಇರಬೇಕು. ಟಾಯ್ಲೆಟ್‌ಗೆ ಎತ್ತಿಕೊಂಡು ಹೋಗುವಾಗ ತಂದೆಯರು ಬಾಟಲಿಯನ್ನು ಮಗುವಿನ ಹೊಟ್ಟೆ ಮೇಲೆ ಇಡುತ್ತಾರೆ. ಮಾಡಬೇಡಿ. ಮಗು ಉಸಿರಾಡಿದಾಗ ಕೊಳವೆಯಲ್ಲಿ ನೀರು ಮೇಲೆ ಕೆಳಗೆ ಆಡಿದರೆ ಪೈಪ್ ಕೆಲಸ ಮಾಡುತ್ತಿದೆ ಅಂತ. ಆಡುವುದು ನಿಂತರೆ ಹೇಳಿ, ಮಡಚಿಕೊಂಡಿರಬಹುದು. ಗುಳ್ಳೆ ಬರುತ್ತಿದ್ದರೆ ಯಾರೂ ಪೈಪ್ ಮುಚ್ಚಬಾರದು. ಬಾಟಲಿ ಉರುಳಿದರೆ ನೆಟ್ಟಗೆ ನಿಲ್ಲಿಸಿ ಕೂಗಿ. ಜೋಡಣೆ ಕಳಚಿದರೆ ಮಗುವಿನ ಹತ್ತಿರದ ಪೈಪನ್ನು ಬೆರಳಲ್ಲಿ ಮಡಚಿ ಹಿಡಿದು ಇನ್ನೂ ಜೋರಾಗಿ ಕೂಗಿ.

ಇನ್ನೊಂದು. ನೋವಿನ ಔಷಧಿ ಕೇಳಿ ಪಡೆಯಿರಿ. ಪೈಪ್ ನೋಯುತ್ತದೆ. ನೋವಿದ್ದರೆ ಮಗು ಉಸಿರು ಬಿಗಿಹಿಡಿದು ಮಲಗುತ್ತದೆ, ಶ್ವಾಸಕೋಶ ಅರಳುವುದಿಲ್ಲ. "ಗಂಡು ಹುಡುಗ, ತಡೆದುಕೊಳ್ಳುತ್ತಾನೆ" ಅನ್ನುವ ಮಾವಂದಿರನ್ನು ಕ್ಯಾಂಟೀನ್‌ಗೆ ಕಳಿಸಿ.

ಸುರತ್ಕಲ್ ಅಮ್ಮ
ಡಾಕ್ಟ್ರೇ, ಸಿಸ್ಟರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ಇಲ್ಲಿ ನಮ್ಮ ಡಾಕ್ಟರ್ ಹತ್ತಿರ ಕೇಳಿದೆ. ಅವರೂ ಮೊದಲು ಔಷಧಿ ಬಿಡೋಣ ಅಂದರು. ಸಹಿ ಹಾಕಿದೆ. ರಾತ್ರಿ 8ಕ್ಕೆ ಮೊದಲ ಡೋಸ್. ಆ ಬಾಟಲಿ ಮಂಚದ ಪಕ್ಕದ ಸ್ಟೂಲ್ ಮೇಲಿತ್ತು, ನೆಲಕ್ಕೆ ಇಳಿಸಿದೆ.

ಮಲ್ಪೆ ಬಂದರು
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಉಂಟಾ ಅಕ್ಕ? ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದ ಹಾಗೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂರುತ್ತಾರೆ, ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಹೋಗಿ. ಖಾಸಗಿಯಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಬಹುದು. ಡಿಸ್ಚಾರ್ಜ್ ದಿನ ಹೋಗಿ ಕೇಳಿದರೆ ಪ್ರಯೋಜನ ಇಲ್ಲ, ನಾನು ಹಾಗೇ ಮಾಡಿ ಕೈ ಸುಟ್ಟುಕೊಂಡವನು.

ಕಾರ್ಕಳದ ಕಲ್ಲು
ನಮ್ಮದು ಬೇರೆ ಕಥೆ. ಮಗುವಿಗೆ 8 ತಿಂಗಳು. ಏಪ್ರಿಲ್ ಸೆಖೆಗೆ ತಲೆಯಲ್ಲಿ ಕುರು ಎದ್ದಿತ್ತು. ಒಡೆದು ಹೋಯಿತು, ನಾವು ಮರೆತೆವು. ವಾರ ಕಳೆದು ಜ್ವರ, ಉಸಿರು ಧಸ್ ಧಸ್. ಕುರುವಿನಲ್ಲಿದ್ದ ಸ್ಟ್ಯಾಫ್ ಅನ್ನುವ ಬ್ಯಾಕ್ಟೀರಿಯಾವೇ ಶ್ವಾಸಕೋಶಕ್ಕೆ ಇಳಿದಿರಬೇಕು ಅಂದರು. ಕೀವು, ಪೈಪ್, ನಾಲ್ಕು ವಾರ ಆ್ಯಂಟಿಬಯೋಟಿಕ್. ಎಕ್ಸ್‌ರೇಯಲ್ಲಿ ಸೋಪಿನ ಗುಳ್ಳೆಯ ಹಾಗೆ ಗಾಳಿ ಗುಳ್ಳೆಗಳು. ಅವನ್ನು ಏನು ಮಾಡುತ್ತೀರಿ ಅಂದರೆ "ಏನೂ ಮಾಡುವುದಿಲ್ಲ, ತಾನಾಗಿ ಹೋಗುತ್ತದೆ" ಅಂದರು. ನನಗೆ ನಂಬಿಕೆ ಬರಲಿಲ್ಲ. ನಾಲ್ಕು ತಿಂಗಳಿಗೆ ಹೋಯಿತು.

ಮಕ್ಕಳ ಡಾಕ್ಟ್ರು, ಉಡುಪಿ
ಹೌದು, ಸಣ್ಣ ಕೂಸುಗಳಲ್ಲಿ ಸ್ಟ್ಯಾಫ್ ಹೀಗೇ. ದೊಡ್ಡ ಮಕ್ಕಳಲ್ಲಿ ನ್ಯುಮೋಕಾಕಸ್ ಜಾಸ್ತಿ. ಯಾವ ಬ್ಯಾಕ್ಟೀರಿಯಾ ಅನ್ನುವುದರ ಮೇಲೆ ಔಷಧಿಯೂ, ಅದನ್ನು ಎಷ್ಟು ದಿನ ಕೊಡಬೇಕು ಅನ್ನುವುದೂ ಬದಲಾಗುತ್ತದೆ. ಅದಕ್ಕೇ ನೀರು ತೆಗೆದ ಕೂಡಲೇ ಕಲ್ಚರ್‌ಗೆ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಲಿಕ್ಕೆ, ಕಳಿಸುತ್ತೇವೆ. ಮೊದಲೇ ಎರಡು ಮೂರು ಸಿರಪ್ ಕುಡಿದು ಬಂದ ಮಗುವಿನಲ್ಲಿ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರುವುದೇ ಹೆಚ್ಚು. ಆಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ.

ಬ್ರಹ್ಮಾವರದ ಅಪ್ಪ
ನಮ್ಮ ಮಗಳಿಗೆ 9 ವರ್ಷ. ಎದೆಯಲ್ಲಿ ನೀರು ಅಂದರು, ಆದರೆ ಅವಳು ಇಷ್ಟು ಸುಸ್ತಾಗಿರಲಿಲ್ಲ. ಮೂರು ವಾರದಿಂದ ಸಂಜೆ ಸಣ್ಣ ಜ್ವರ, ತೂಕ ಇಳಿದಿತ್ತು. ಸೂಜಿಯಲ್ಲಿ ತೆಗೆದ ನೀರು ಹುಲ್ಲಿನ ಬಣ್ಣ, ಕೀವು ಇಲ್ಲ. ಪರೀಕ್ಷೆಯಲ್ಲಿ, ಟಿಬಿ ಇದ್ದಾಗ ಆ ನೀರಿನಲ್ಲಿ ಏರುವ ಎಡಿಎ ಅನ್ನುವ ಅಂಶ ಜಾಸ್ತಿ ಬಂತು. ಟಿಬಿ. ಮನೆಯಲ್ಲಿ ಅಜ್ಜನಿಗೆ ಎರಡು ತಿಂಗಳಿಂದ ಕೆಮ್ಮಿತ್ತು, ಬೀಡಿ ಕೆಮ್ಮು ಅಂತ ಬಿಟ್ಟಿದ್ದೆವು. ಇಬ್ಬರಿಗೂ ಸರ್ಕಾರದಿಂದ ಉಚಿತ ಔಷಧಿ, ಮಗಳಿಗೆ ಆರು ತಿಂಗಳು. ಪೈಪ್ ಬೇಕಾಗಲೇ ಇಲ್ಲ. ಎದೆಯಲ್ಲಿ ನೀರು ಅಂದ ಕೂಡಲೇ ಎಲ್ಲರಿಗೂ ಒಂದೇ ಚಿಕಿತ್ಸೆ ಅಂದುಕೊಳ್ಳಬೇಡಿ ಅಂತ ಬರೆದೆ.

ಸುರತ್ಕಲ್ ಅಮ್ಮ
ಮೂರು ಡೋಸ್ ಆಯಿತು. ಎರಡನೆಯದು ಬಿಟ್ಟಾಗ ನೋವು ಅಂತ ಕಿರುಚಿದ. ಮೂರನೆಯದಕ್ಕೆ ಮೊದಲೇ ನೋವಿನ ಔಷಧಿ ಕೊಡಿಸಿದೆ, ಕಾರ್ಟೂನ್ ನೋಡುತ್ತಾ ಸುಮ್ಮನಿದ್ದ. ಕ್ಲಿಪ್ ತೆಗೆದ ಮೇಲೆ ಕೊಳವೆಯಲ್ಲಿ ಹಳದಿ ಚೂರುಗಳು ಬಂದವು. ಬೆಳಿಗ್ಗೆಯಿಂದ 180 ಎಂಎಲ್! ಇನ್ನೊಬ್ಬರ ಕೀವು ನೋಡಿ ಇಷ್ಟು ಸಂತೋಷ ಪಡುತ್ತೇನೆ ಅಂತ ಅಂದುಕೊಂಡಿರಲಿಲ್ಲ ಮಾರಾಯ್ರೆ.

ಆದರೆ ಹೊಸ ಹೆದರಿಕೆ. ಪ್ಲೇಟ್‌ಲೆಟ್ 7.8 ಲಕ್ಷ ಅಂತೆ. ಇದೇನಿದು? ಕಮ್ಮಿ ಆದರೆ ಡೆಂಗ್ಯೂ ಅಂತ ಗೊತ್ತು, ಜಾಸ್ತಿ ಆದರೆ?

ಪುತ್ತೂರು ಅಡಿಕೆ
ನಮ್ಮೂರಲ್ಲಿ ಪ್ಲೇಟ್‌ಲೆಟ್ ಏರಿಸಲಿಕ್ಕೆ ಪಪ್ಪಾಯಿ ಎಲೆಗೆ ಜಗಳ ಆಗುತ್ತದೆ. ನಿಮಗೆ ಇಳಿಸುವ ಚಿಂತೆ 😄

ಮಕ್ಕಳ ಡಾಕ್ಟ್ರು, ಉಡುಪಿ
ಎಂಪೈಮಾದಲ್ಲಿ ಪ್ಲೇಟ್‌ಲೆಟ್ ಏರುವುದು ಮಾಮೂಲಿ. ಎರಡನೇ ವಾರದಲ್ಲಿ ಹೀಗೆ ಕಾಣುತ್ತದೆ. ಔಷಧಿ ಬೇಡ, ತಾನಾಗಿ ಇಳಿಯುತ್ತದೆ. ನೀವು ಮುಂದೆ ಕೇಳುವ ಪ್ರಶ್ನೆಗೂ ಈಗಲೇ ಹೇಳಿಬಿಡುತ್ತೇನೆ. ಅವನು ಬಲಕ್ಕೆ ವಾಲಿ ನಡೆಯುತ್ತಾನೆ, ಬೆನ್ನು ಸೊಟ್ಟಗಾದ ಹಾಗೆ ಕಾಣುತ್ತದೆ. ನೋವಿಗೆ ಹಾಗೆ ಮಾಡುವುದು. ಅದೂ ಸರಿಯಾಗುತ್ತದೆ.

ರಾತ್ರಿಪಾಳಿ
ಜ್ವರ ಕೂಡಲೇ ಇಳಿಯಲಿಲ್ಲ ಅಂತ ಕಂಗಾಲಾಗಬೇಡಿ ಅಕ್ಕ. ಕೀವು ಹೋದ ಮೇಲೂ ಕೆಲವು ದಿನ ಬಂದು ಹೋಗುತ್ತದೆ. ಚಾರ್ಟ್‌ನಲ್ಲಿ 103, 102, 101 ಅಂತ ಮೆಟ್ಟಿಲು ಇಳಿಯುತ್ತಿದೆಯಾ ನೋಡಿ. ಆಮೇಲೆ ಮಂಚದಿಂದ ಇಳಿಸಿ ನಡೆಸಿ. ವಾರ್ಡ್ ಕೊನೆಯ ಕಿಟಕಿವರೆಗೆ, ಬಾಟಲಿ ಕೆಳಗೆ ಹಿಡಿದು. ಬೆನ್ನು ತಟ್ಟಿ ಕಫ ತೆಗೆಯುವುದಕ್ಕಿಂತ ಇದು ಒಳ್ಳೆಯದು. ನಮ್ಮಲ್ಲಿ ಒಬ್ಬ ಹುಡುಗ ಹುಲಿವೇಷದ ತಾಸೆ ಪೆಟ್ಟು ಫೋನಿನಲ್ಲಿ ಹಾಕಿದರೆ ಮಾತ್ರ ನಡೆಯುತ್ತಿದ್ದ. ಇಡೀ ವಾರ್ಡ್ ಕುಣಿಯಿತು.

ತೊಕ್ಕೊಟ್ಟು ಟೀಚರ್
ಇದಕ್ಕೆ ಲಸಿಕೆ ಇಲ್ಲವಾ? ನಮ್ಮ ಎಲ್‌ಕೆಜಿ ಮಕ್ಕಳ ಅಮ್ಮಂದಿರು ಕೇಳುತ್ತಿದ್ದಾರೆ.

ಮಕ್ಕಳ ಡಾಕ್ಟ್ರು, ಉಡುಪಿ
ಉಂಟು ಟೀಚರ್. ನ್ಯುಮೋಕಾಕಲ್ ಲಸಿಕೆ, ಪಿಸಿವಿ. ಸರ್ಕಾರಿ ಪಟ್ಟಿಯಲ್ಲಿ 2017ರಿಂದ ಕೆಲವು ರಾಜ್ಯಗಳಲ್ಲಿ ಶುರುವಾಗಿ, 2021ರಲ್ಲಿ ಇಡೀ ದೇಶಕ್ಕೆ ಬಂತು. ಆರು ವಾರ, 14 ವಾರ, 9 ತಿಂಗಳು. ಅಂಗನವಾಡಿ, ಆರೋಗ್ಯ ಕೇಂದ್ರದಲ್ಲಿ ಉಚಿತ. ಅದಕ್ಕಿಂತ ಮೊದಲು ಹುಟ್ಟಿದ ಎಷ್ಟೋ ಮಕ್ಕಳಿಗೆ ಇದು ತಪ್ಪಿದೆ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದವರು ಕಡಿಮೆ. ಹಾಕಿಸಿದರೂ ಎಲ್ಲ ತಳಿಗೆ ತಡೆ ಇಲ್ಲ, ಸ್ಟ್ಯಾಫ್‌ಗಂತೂ ಇಲ್ಲ.

ಅಮ್ಮಂದಿರಿಗೆ ಲಸಿಕೆಯ ಜೊತೆ ಇನ್ನೊಂದು ಮಾತು ಹೇಳಿ. ಮಗು ನಿದ್ದೆಯಲ್ಲಿರುವಾಗ ಒಂದು ಪೂರ್ತಿ ನಿಮಿಷ ಹೊಟ್ಟೆ ಏರುವುದನ್ನು ಎಣಿಸಲಿ. 1ರಿಂದ 5 ವರ್ಷದೊಳಗೆ 40 ಅಥವಾ ಜಾಸ್ತಿ, 2ರಿಂದ 12 ತಿಂಗಳೊಳಗೆ 50 ಅಥವಾ ಜಾಸ್ತಿ, 2 ತಿಂಗಳೊಳಗೆ 60 ಅಥವಾ ಜಾಸ್ತಿ ಆದರೆ ಬೆಳಗಾಗಲಿ ಅಂತ ಕಾಯಬಾರದು. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ ಎಣಿಸುತ್ತಲೂ ಕೂರಬಾರದು. ನ್ಯುಮೋನಿಯಾ ಅಂತ ಆ್ಯಂಟಿಬಯೋಟಿಕ್ ಶುರು ಮಾಡಿ 48 ಗಂಟೆ ಕಳೆದರೂ ಜ್ವರ ಹಾಗೇ ಇದ್ದರೆ ಸಿರಪ್ ಬದಲಿಸುವುದಲ್ಲ, ಎದೆಯನ್ನು ಮತ್ತೆ ನೋಡಿಸಬೇಕು. ಈ ಮಗುವಿಗೆ ಆಗದೆ ಹೋದದ್ದು ಅದೊಂದೇ.

ಬೆಂಗಳೂರು ಬಸ್ಸು
ಮಾತು ಹಿಂದೆ ತೆಗೆದುಕೊಂಡೆ ಡಾಕ್ಟ್ರೇ. ನನ್ನ ತಂಗಿ ಮಗನಿಗೆ ಬೆಂಗಳೂರಲ್ಲಿ ಸಿಟಿ ಸ್ಕ್ಯಾನ್ ಮಾಡಿದ್ದರು. ಇಲ್ಲಿ ಮಾಡಲಿಲ್ಲ, ಬರೀ ಅಲ್ಟ್ರಾಸೌಂಡ್. ಅದಕ್ಕೇ ಅನುಮಾನ ಬಂದದ್ದು.

ಮಕ್ಕಳ ಡಾಕ್ಟ್ರು, ಉಡುಪಿ
ನೀರಿನೊಳಗಿನ ಬಲೆ ಸಿಟಿಗಿಂತ ಅಲ್ಟ್ರಾಸೌಂಡ್‌ನಲ್ಲೇ ಚೆನ್ನಾಗಿ ಕಾಣುತ್ತದೆ. ವಿಕಿರಣವೂ ಇಲ್ಲ, ಮಂಚದ ಹತ್ತಿರವೇ ತಂದು ಮಾಡಬಹುದು. ಸಿಟಿ ಬೇಕಾಗುವುದು ಆಪರೇಷನ್‌ಗೆ ಮುಂಚೆ, ಇಲ್ಲವೇ ಲೆಕ್ಕ ತಪ್ಪಿದಾಗ.

ಸುರತ್ಕಲ್ ಅಮ್ಮ
ಆರೂ ಡೋಸ್ ಮುಗಿಯಿತು. ನಿನ್ನೆ ಇಡೀ ದಿನಕ್ಕೆ ಬಂದದ್ದು 15 ಎಂಎಲ್. ಜ್ವರ ಎರಡು ದಿನದಿಂದ ಇಲ್ಲ. ಇವತ್ತು ಪೈಪ್ ತೆಗೆದರು. "ಜೋರಾಗಿ ಊದು" ಅಂದರು, ಊದಿದ, ಎಳೆದರು, ಮುಗಿಯಿತು. ಹಾಕುವಾಗ ಪಟ್ಟ ಪಾಡಿಗೆ ಹೋಲಿಸಿದರೆ ಏನೂ ಅಲ್ಲ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬೇಕು ಅಂತ ಹಠ ಮಾಡಿ ಎರಡು ಬಟ್ಟಲು ಉಂಡ. ಎಂಟು ದಿನದಲ್ಲಿ ಅವನಾಗಿ ಕೇಳಿದ್ದು ಇದೇ ಮೊದಲು. ಸೂಜಿ ಇನ್ನೂ ಮೂರು ದಿನ, ಆಮೇಲೆ ಮನೆಯಲ್ಲಿ ಸಿರಪ್ ಎರಡು ವಾರ.

ಮಲ್ಪೆ ಅಣ್ಣ, ಆರೋಗ್ಯ ಮಿತ್ರರನ್ನು ಕಂಡೆ. ನಮ್ಮದು ಎಪಿಎಲ್. ಸ್ವಲ್ಪ ಆದರೂ ಆಯಿತು.

ಪುತ್ತೂರು ಅಡಿಕೆ
ಸಿರಪ್ ಎರಡು ವಾರ ಪೂರ್ತಿ ಕೊಡಿ ಅಕ್ಕ. ಓಡಾಡುತ್ತಾನಲ್ಲಾ ಅಂತ ನಾವು ಆರನೇ ದಿನಕ್ಕೆ ನಿಲ್ಲಿಸಲು ಹೋಗಿ ಬೈಸಿಕೊಂಡಿದ್ದೇವೆ.

ಸುರತ್ಕಲ್ ಅಮ್ಮ
ಆರು ವಾರ ಆಯಿತು, ಎಲ್ಲರಿಗೂ ಹೇಳಬೇಕು ಅನಿಸಿತು. ಇವತ್ತು ಎಕ್ಸ್‌ರೇ. ಕೆಳಗಡೆ ಇನ್ನೂ ಸ್ವಲ್ಪ ಮಂಜು ಉಂಟು. ಪೊರೆ ದಪ್ಪವಾದದ್ದು, ಮಕ್ಕಳಲ್ಲಿ ತಿಂಗಳುಗಳಲ್ಲಿ ಕರಗುತ್ತದೆ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಶಾಲೆಗೆ ಹೋಗುತ್ತಿದ್ದಾನೆ. ಓಡಿದರೆ ಮೊದಲಿನಷ್ಟು ದಮ್ಮು ಇಲ್ಲ, ಆದರೆ ಓಡುತ್ತಾನೆ.

ಕಟೀಲಿನ ಅಜ್ಜಿ
ದೇವರು ದೊಡ್ಡವನು ಮಗಾ. ದೊಡ್ಡಪತ್ರೆ ತಂಬುಳಿ ಆದರೂ ಮಾಡಿ ಹಾಕು, ಅನ್ನಕ್ಕೆ ಒಳ್ಳೆಯದಾಗುತ್ತದೆ. ಅದಕ್ಕೆ ಡಾಕ್ಟ್ರು ಬೇಡ ಅನ್ನಲಿಕ್ಕಿಲ್ಲ.

ಮಕ್ಕಳ ಡಾಕ್ಟ್ರು, ಉಡುಪಿ
ಅನ್ನುವುದಿಲ್ಲ ಅಜ್ಜಿ. ನನಗೂ ಒಂದು ಲೋಟ ಇಡಿ.

ಮೂಲ್ಕಿ ಹೊಸಬ
ನಮಸ್ಕಾರ. ಈಗಷ್ಟೇ ಪೂರ್ತಿ ಓದಿದೆ. ಮಗಳಿಗೆ 2 ವರ್ಷ, ನ್ಯುಮೋನಿಯಾ. ಇವತ್ತು ಸ್ಕ್ಯಾನ್‌ನಲ್ಲಿ ಎಡಗಡೆ 8 ಮಿ.ಮೀ. ನೀರು ಅಂದರು. ಪೈಪ್ ಈಗ ಬೇಡ, ಸೂಜಿ ಆ್ಯಂಟಿಬಯೋಟಿಕ್ ಕೊಟ್ಟು ನೋಡೋಣ ಅನ್ನುತ್ತಾರೆ. ಸುಮ್ಮನೆ ಕಾಯಬಹುದಾ?

ಮಕ್ಕಳ ಡಾಕ್ಟ್ರು, ಉಡುಪಿ
ಅಷ್ಟು ಸಣ್ಣದು, ಉಸಿರಾಟ ಆರಾಮ ಇದ್ದರೆ ಹಾಗೇ ಮಾಡುವುದು ಸರಿ. ತುಂಬಾ ಮಕ್ಕಳಿಗೆ ಔಷಧಿಯಲ್ಲೇ ಇಂಗಿ ಹೋಗುತ್ತದೆ. ಆದರೆ ಕಾಯುವುದು ಅಂದರೆ ಅಡ್ಮಿಟ್ ಆಗಿ ಕಾಯುವುದು. ಮತ್ತೆ ಸ್ಕ್ಯಾನ್ ಯಾವಾಗ ಅಂತ ಕೇಳಿ.

ಸುರತ್ಕಲ್ ಅಮ್ಮ
ಯಾವ ಆಸ್ಪತ್ರೆ ಅಣ್ಣ? ಮಂಗಳೂರಿನಲ್ಲಾದರೆ ನಾಳೆ ಸಂಜೆ ಗಂಜಿ ತರುತ್ತೇನೆ. ಅಲ್ಲಿಯವರೆಗೆ ಜ್ವರದ ಚಾರ್ಟ್ ಒಂದು ಕಾಗದದಲ್ಲಿ ಬರೆದಿಡಿ, ರಾತ್ರಿಯದ್ದೂ.